ತಟಸ್ಥ ಎಂದರೆ ಸುಮ್ಮನಿರುವುದೇ?

‘ತಟ’ ಎಂದರೆ ದಡ. ಹೊಳೆಗಿಳಿಯದೆ ದಡದಲ್ಲೇ ನಿಂತವನು ತಟಸ್ಥ. ಉಕ್ರೇನ್ ಯುದ್ಧದ ಮಾತು ಬಂದಾಗಲೆಲ್ಲ ಪುಣೆಯ ನನ್ನ ಸಹೋದ್ಯೋಗಿಗಳಲ್ಲಿ ಯಾರಾದರೊಬ್ಬರು ‘ಭಾರತ ತಟಸ್ಥ’ ಎಂದುಬಿಡುತ್ತಾರೆ. ಜೀನ್ ಮಾಹಿತಿ ವಿಶ್ಲೇಷಿಸುವ ಸಾಫ್ಟ್‌ವೇರ್ ಬರೆಯುವ ನನಗೆ ಆ ಪದ ಇನ್ನೊಂದು ಅರ್ಥದಲ್ಲೂ ಪರಿಚಿತ. ಪದ ಒಂದೇ, ಸ್ವಭಾವ ಬೇರೆ.

ಜಪಾನಿನ ವಿಜ್ಞಾನಿ ಮೊಟೂ ಕಿಮುರಾ 1968ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ವಾದ ಮುಂದಿಟ್ಟರು. ಜೀವವಿಕಾಸದಲ್ಲಿ ಅಣುಮಟ್ಟದಲ್ಲಿ ಉಳಿದುಕೊಂಡ ಬದಲಾವಣೆಗಳಲ್ಲಿ ಹೆಚ್ಚಿನವು ಜೀವಿಗೆ ಲಾಭವನ್ನೂ ತಂದಿಲ್ಲ, ನಷ್ಟವನ್ನೂ ತಂದಿಲ್ಲ. ಡಿಎನ್‌ಎಯಲ್ಲಿ ‘ಸಿಟಿಟಿ’ ಎಂಬ ಮೂರಕ್ಷರ ‘ಸಿಟಿಸಿ’ ಆದರೂ ಅದು ಸೂಚಿಸುವುದು ಲ್ಯೂಸಿನ್ ಎಂಬ ಅದೇ ಅಮೈನೋ ಆಮ್ಲವನ್ನು. ಇಂಥದ್ದು ಸಾಮಾನ್ಯವಾಗಿ ನೈಸರ್ಗಿಕ ಆಯ್ಕೆಯ ಕಣ್ಣಿಗೆ ಬೀಳುವುದಿಲ್ಲ. ಅದರ ಅಳಿವು ಉಳಿವು ಆಕಸ್ಮಿಕ. ಡಾರ್ವಿನ್ ತಪ್ಪು ಎಂದು ಕಿಮುರಾ ಹೇಳಲಿಲ್ಲ. ಜೀವಿಗಳ ಆಕಾರವನ್ನು ತಿದ್ದಿದ್ದು ಆಯ್ಕೆಯೇ ಎಂದು ಒಪ್ಪಿದ್ದರು. ಈ ತಟಸ್ಥ ದಡದಲ್ಲಿ ನಿಂತವನಲ್ಲ, ನೀರಿನಲ್ಲಿ ತೇಲುವ ತರಗೆಲೆ.

ಅವರ ಸಹೋದ್ಯೋಗಿ ಟೊಮೊಕೊ ಓಹ್ತಾ 1973ರಲ್ಲಿ ಇದನ್ನು ತಿದ್ದಿ ಬೆಳೆಸಿದರು. ತುಸು ಹಾನಿ ಮಾಡುವ ಬದಲಾವಣೆಯೂ ಜೀವಿಗಳ ಸಣ್ಣ ಗುಂಪಿನಲ್ಲಿ ತಟಸ್ಥದಂತೆ ಉಳಿದುಬಿಡಬಹುದು. ದೊಡ್ಡ ಗುಂಪಿನಲ್ಲಿ ಆಯ್ಕೆ ಅದನ್ನು ಹಿಡಿದು ಹೊರಹಾಕುತ್ತದೆ. ಅಂದರೆ ತಟಸ್ಥವೋ ಅಲ್ಲವೋ ಎಂಬುದು ಸನ್ನಿವೇಶಕ್ಕೂ ಬಿಟ್ಟದ್ದು.

ದೇಶಗಳ ತಟಸ್ಥತೆ ಹಾಗೆ ತೇಲಿಕೊಂಡು ಬರುವುದಿಲ್ಲ. ಬೆಲ್ಜಿಯಂನ ತಟಸ್ಥತೆಗೆ 1839ರಲ್ಲಿ ಯುರೋಪಿನ ಬಲಾಢ್ಯರು ಸಹಿ ಹಾಕಿ ಖಾತ್ರಿ ಕೊಟ್ಟಿದ್ದರು. 1914ರಲ್ಲಿ ಜರ್ಮನ್ ಸೇನೆ ಒಳನುಗ್ಗಿತು. ಸ್ವಾತಂತ್ರ್ಯಕ್ಕೆ ಕುತ್ತು ಬಂದಲ್ಲಿ ನಾವು ತಟಸ್ಥರಾಗಿರಲಾರೆವು ಎಂದು ನೆಹರೂ 1949ರಲ್ಲಿ ಅಮೆರಿಕದ ಸಂಸತ್ತಿನಲ್ಲೇ ಹೇಳಿದ್ದರು. ನಮ್ಮದು ‘ಅಲಿಪ್ತ’ ನೀತಿ: ಯಾವ ಬಣಕ್ಕೂ ಅಂಟಿಕೊಳ್ಳದೆ ಪ್ರತಿ ಪ್ರಶ್ನೆಯನ್ನೂ ತೂಗಿ ನೋಡುವುದು.

ಅದರ ಕಷ್ಟ ಕೊಡಗಿನ ಜನರಲ್ ತಿಮ್ಮಯ್ಯನವರಿಗೆ ಗೊತ್ತಿತ್ತು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ತಾಯ್ನಾಡಿಗೆ ಮರಳಲು ಒಲ್ಲೆವೆಂದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಐದು ತಟಸ್ಥ ದೇಶಗಳ ಆಯೋಗಕ್ಕೆ ಬಂತು. ಅಧ್ಯಕ್ಷರು ತಿಮ್ಮಯ್ಯ. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ವಾಲಿದರೆ ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ. ಕೈದಿಗಳ ಶಿಬಿರ ಕಾದದ್ದು ಭಾರತದ ಸೈನಿಕರು. ಎರಡೂ ಕಡೆಯವರ ಸಿಟ್ಟು ಅವರ ಮೇಲೆಯೇ. ದಡವೆಲ್ಲಿ, ಅದು ನಡುನೀರು.

2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ರಷ್ಯಾ ವಿರುದ್ಧದ ನಿರ್ಣಯಕ್ಕೆ ಭಾರತ ಸೇರಿ 35 ದೇಶಗಳು ಮತ ಹಾಕದೆ ಉಳಿದವು. ಅದು ಸರಿಯೋ ತಪ್ಪೋ ಎಂಬ ವಾದ ಇದ್ದದ್ದೇ. ಆದರೆ ‘ತಟಸ್ಥ’ ಎನ್ನುವುದು ಆ ವಾದಕ್ಕೆ ಉತ್ತರವಲ್ಲ. ಡಿಎನ್‌ಎಯ ಒಂದು ಅಕ್ಷರ ಯಾರಿಗೂ ಲಾಭನಷ್ಟ ಮಾಡದೆ ಬದಲಾಗಬಹುದು. ದೇಶವೊಂದರ ಮೌನದಿಂದ ಯಾರಿಗೋ ಲಾಭ, ಯಾರಿಗೋ ನಷ್ಟ ಆಗಿಯೇ ತೀರುತ್ತದೆ. ನಾವು ಕೇಳಬೇಕಾದದ್ದು ಆ ಲೆಕ್ಕವನ್ನು.