ಅಲ್ಟರ್ನೇಟರನ್ನು ಬದಲಿಸುವ ಮೊದಲು

ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯು ಖಾನಾಪುರ ತಾಲೂಕಿನಲ್ಲಿರುವದು. ಆ ಸಹ್ಯಾದ್ರಿಯ ಸೀಮೆಯಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ ತೇವ. ಟ್ರ್ಯಾಕ್ಟರು, ಜೀಪುಗಳ ತಂತಿಯ ತುದಿಗಳಲ್ಲಿ ಹಸಿರು ಕಿಲುಬು ಹಿಡಿಯಲು ಅಷ್ಟೇ ಸಾಕು. ದೀಪ ಮಂಕಾದೊಡನೆ ಒಡೆಯನು ಬೆಳಗಾವಿಯ ಪೇಟೆಗೆ ಹೋಗಿ, ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಅಲ್ಟರ್ನೇಟರನ್ನು ಹೊಸದಾಗಿ ಕೊಂಡು ತರುವನು. ಕೆಲವು ದಿನಗಳಲ್ಲಿ ದೀಪ ಮತ್ತೆ ಮಂಕು! ವೈದ್ಯದಂತೆ ಯಂತ್ರದಲ್ಲಿಯೂ ರೋಗನಿದಾನ ಮೊದಲು, ಚಿಕಿತ್ಸೆ ಆಮೇಲೆ ಎಂಬುದನ್ನು ನಾವು ಮರೆಯಲಾಗದು.

ಈ ಯಂತ್ರದ ಮರ್ಮವು ಕಠಿನವಲ್ಲ. ಅಯಸ್ಕಾಂತವು ತಂತಿಯ ಸುರುಳಿಯ ಬಳಿ ಚಲಿಸಿದರೆ ಅದರಲ್ಲಿ ವಿದ್ಯುತ್ತು ಹುಟ್ಟುವದೆಂದು 1831ರಲ್ಲಿ ಫ್ಯಾರಡೆಯು ತೋರಿಸಿದನು. ಅದೇ ತತ್ತ್ವದಿಂದ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಲ್ಲಿ ನೀರು ಮಾಡಿದ ಕೆಲಸವನ್ನು ಇಲ್ಲಿ ಎಂಜಿನ್ನಿನ ಬೆಲ್ಟು ಮಾಡುವದು. ಹುಟ್ಟಿದ ಪ್ರವಾಹವು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವದರಿಂದ ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತರುವವು. ರೆಗ್ಯುಲೇಟರು ವೋಲ್ಟೇಜನ್ನು ಹದದಲ್ಲಿಡುವದು.

ಎಂಜಿನ್ ನಿಲ್ಲಿಸಿ ಮೊದಲು ಬೆಲ್ಟಿನ ಬಿಗಿಯನ್ನು ನೋಡತಕ್ಕದ್ದು. ಬಳಿಕ ಎಂಜಿನ್ನನ್ನು ತುಸು ಜೋರಾಗಿ ಓಡಿಸಿ, ದೀಪ ಹೊತ್ತಿಸಿ, ಮಲ್ಟಿಮೀಟರಿನಿಂದ ಎರಡು ಕಡೆ ಅಳೆಯಬೇಕು: ಅಲ್ಟರ್ನೇಟರಿನ ದಪ್ಪ ತಂತಿಯ ತಿರುಪಿಗೂ ಅದರ ಒಡಲಿಗೂ ನಡುವೆ ಒಮ್ಮೆ, ಬ್ಯಾಟರಿಯ ಎರಡು ತುದಿಗಳ ನಡುವೆ ಇನ್ನೊಮ್ಮೆ. 12 ವೋಲ್ಟಿನ ವಾಹನದಲ್ಲಿ ಎರಡೂ ಕಡೆ ಸುಮಾರು 14 ಕಂಡರೆ ಅಲ್ಟರ್ನೇಟರು ನೆಟ್ಟಗಿದೆ. ಅಲ್ಲಿ 14, ಬ್ಯಾಟರಿಯಲ್ಲಿ 13 ಎಂದಾದರೆ ದೋಷವು ನಡುವಿನ ತಂತಿಯದು, ಇಲ್ಲವೆ ಎಂಜಿನ್ನಿನ ಅರ್ತ್ ತಂತಿಯದು; ಕಿಲುಬನ್ನು ಉಜ್ಜಿ ತೆಗೆದು ತುದಿಯನ್ನು ಬಿಗಿದರೆ ಕೆಲಸ ತೀರುವದುಂಟು. ಎರಡೂ ಕಡೆ 12ರ ಆಸುಪಾಸಿನಲ್ಲಿಯೇ ಉಳಿದು, ಚಾಲನೆ ಕೊಡುವ ಸಣ್ಣ ತಂತಿಯೂ ಸರಿಯಿದ್ದರೆ ಮಾತ್ರ ಅಲ್ಟರ್ನೇಟರನ್ನು ಬಿಚ್ಚಬೇಕು.

ಬಿಚ್ಚುವಾಗ ಬ್ಯಾಟರಿಯ ಋಣ ತಂತಿಯನ್ನು ಎಲ್ಲಕ್ಕೂ ಮೊದಲು ಕಳಚಬೇಕು, ಕೊನೆಗೆ ಕೂಡಿಸಬೇಕು. ಪ್ರತಿಯೊಂದು ತಂತಿಗೂ ಗುರುತಿನ ಚೀಟಿ ಕಟ್ಟಿದರೆ ಗೊಂದಲವಿಲ್ಲ. ಹೊಸ ಅಲ್ಟರ್ನೇಟರು ಹೆಚ್ಚು ಆಂಪಿಯರಿನದಾದರೆ ಹಳೆಯ ಸಣ್ಣ ತಂತಿ ಕಾದು ಸುಟ್ಟೀತು; ತಕ್ಕ ದಪ್ಪದ ತಾಮ್ರದ ತಂತಿಯನ್ನೇ ಎಳೆಯಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯನ್ನು ಕಳಚಿ ಪರೀಕ್ಷಿಸುವ ಪದ್ಧತಿಯು ಹಲವೆಡೆ ಉಂಟು. ಅದನ್ನು ಸರ್ವಥಾ ಬಿಡತಕ್ಕದ್ದು. ವೋಲ್ಟೇಜು ಒಮ್ಮೆಲೆ ಏರಿ ಡಯೋಡುಗಳು ಸುಟ್ಟುಹೋಗುವವು.

ಹಳೆಯ ಮಾದರಿಯ ಡೀಸೆಲ್ ಎಂಜಿನ್ನು ಒಮ್ಮೆ ಹೊತ್ತಿಕೊಂಡರೆ ಬ್ಯಾಟರಿಯ ಹಂಗಿಲ್ಲದೆ ಓಡಬಲ್ಲದು. ಆದಕಾರಣ ಈ ದೋಷವು ಹಗಲು ತಿಳಿಯದೆ, ಚೋರ್ಲಾ ಘಟ್ಟದ ಮಳೆಗತ್ತಲಲ್ಲಿ ಜೀಪಿನ ದೀಪ ಆರುವಾಗ ತಿಳಿಯುವದು. ಕಾರವಾರದ ಮೀನುದೋಣಿಯಾದರೆ ನಡುಗಡಲಿನಲ್ಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಈ ಪರೀಕ್ಷೆ ಮಾಡಿಕೊಂಡರೆ ಗೃಹಸ್ಥನ ಹಣವೂ ಉಳಿಯುವದು, ಮನೆಯಲ್ಲಿ ದಾರಿ ಕಾಯುವವರ ಚಿಂತೆಯೂ ತಪ್ಪುವದು.