ಮೊದಲ ಹೆಣ್ಣುಗರು ನೆರೆಮನೆಗೆ

ಎದುರು ಸಿಕ್ಕವರನ್ನು ನಾವು "ಊಟ ಆಯ್ತಾ?" ಎಂದು ಮಾತನಾಡಿಸುತ್ತೇವೆ. ಪೂರ್ವ ಆಫ್ರಿಕಾದ ರುವಾಂಡಾ ದೇಶದಲ್ಲಿ ಹಳೆಯ ಕಾಲದವರು "ಅಮಾಶ್ಯೋ" ಎನ್ನುತ್ತಾರೆ. ನಿಮಗೆ ದನಗಳ ಹಿಂಡು ಇರಲಿ ಎಂದು ಅರ್ಥ. ಅದಕ್ಕೆ ಮಾರುತ್ತರ "ಅಮಾಶೊಂಗೊರೆ". ಅಂದರೆ, ಆ ಹಿಂಡಿನಲ್ಲಿ ಹೆಣ್ಣು ದನಗಳೇ ಹೆಚ್ಚಿರಲಿ! ಗಬ್ಬದ ಹಸು ಹೆಣ್ಣುಗರುವನ್ನೇ ಹಾಕಲೆಂದು ಕಾಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರುವಾಂಡಾ ಬಹಳ ಚಿಕ್ಕ ದೇಶ. ನಮ್ಮ ಬೆಳಗಾವಿಯಂಥ ಎರಡು ಜಿಲ್ಲೆ ಸೇರಿಸಿದಷ್ಟು ನೆಲ, ಅದರಲ್ಲಿ 1 ಕೋಟಿ 30 ಲಕ್ಷಕ್ಕೂ ಹೆಚ್ಚು ಜನ. ಎಲ್ಲಿ ನೋಡಿದರೂ ಗುಡ್ಡ. 1994ರಲ್ಲಿ ಅಲ್ಲಿ ನಡೆದ ನರಮೇಧದಲ್ಲಿ ನೂರೇ ದಿನಗಳಲ್ಲಿ ಸುಮಾರು 8 ಲಕ್ಷ ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಟುಟ್ಸಿ ಸಮುದಾಯದವರು. ಅವರ ದನಗಳನ್ನೂ ಕಡಿದು ಹಾಕಿದರು. ಊರೂರಲ್ಲಿ ಉಳಿದವರು ವಿಧವೆಯರು, ತಬ್ಬಲಿ ಮಕ್ಕಳು, ಬರಿದಾದ ಕೊಟ್ಟಿಗೆಗಳು.

2006ರಲ್ಲಿ ಅಲ್ಲಿನ ಸರ್ಕಾರ 'ಗಿರಿಂಕಾ' ಯೋಜನೆ ತಂದಿತು. ನಿನಗೊಂದು ಹಸುವಾಗಲಿ ಎಂಬುದು ಆ ಹೆಸರಿನ ಅರ್ಥ. ಬಡ ಕುಟುಂಬಕ್ಕೆ ಒಂದು ಹಸು ಉಚಿತ, ಆದರೆ ಅದು ಹಾಕುವ ಮೊದಲ ಹೆಣ್ಣುಗರುವನ್ನು ಊರಿನ ಇನ್ನೊಂದು ಬಡ ಮನೆಗೆ ಕೊಡಬೇಕು. ಹಣದ ಸಾಲವಲ್ಲ, ಕರುವಿನ ಸಾಲ. ಕರು ಕೊಡುವ ದಿನ ಊರವರ ಮುಂದೆ ಸಣ್ಣ ಸಮಾರಂಭವೇ ನಡೆಯುತ್ತದೆ. ಒಂದು ಕಾಲಕ್ಕೆ ಒಬ್ಬರನ್ನೊಬ್ಬರು ನಂಬಲಾಗದೆ ಬದುಕಿದ ನೆರೆಯವರ ನಡುವೆ ಕರುವೊಂದು ಓಡಾಡಿದ್ದು ಸಣ್ಣ ಮಾತಲ್ಲ. ಈವರೆಗೆ ಹಂಚಿದ ಹಸುಗಳು 4 ಲಕ್ಷಕ್ಕೂ ಹೆಚ್ಚು. 2018ರ ಜುಲೈನಲ್ಲಿ ನಮ್ಮ ಪ್ರಧಾನಿ ನರೇಂದ್ರ ಮೋದಿಯವರು ರುವೇರು ಎಂಬ ಹಳ್ಳಿಗೆ ಹೋಗಿ ಇದೇ ಯೋಜನೆಗೆ 200 ಹಸು ಕೊಟ್ಟರು. ಇಲ್ಲಿಂದ ಸಾಗಿಸಿದ ಹಸುಗಳಲ್ಲ, ಅಲ್ಲೇ ಕೊಂಡವು.

ಇನ್ನು ತೊಡಕುಗಳು. ಹಸು ಬೇಕೆಂದರೆ ಸ್ವಲ್ಪ ಜಮೀನಿರಬೇಕು, ಕೊಟ್ಟಿಗೆ ಕಟ್ಟಿರಬೇಕು. ಅಂಗೈಯಗಲ ನೆಲವೂ ಇಲ್ಲದವರು ಹೊರಗೇ ಉಳಿದರು. ಕೆಲವು ಊರುಗಳಲ್ಲಿ ಸ್ಥಳೀಯ ಅಧಿಕಾರಿಗಳು ಬಡವರ ಹಸುಗಳನ್ನು ತಮ್ಮವರಿಗೇ ಕೊಡಿಸಿ ಸಿಕ್ಕಿಬಿದ್ದರು. (ಫಲಾನುಭವಿಗಳ ಪಟ್ಟಿಯ ಕಥೆ ಎಲ್ಲ ದೇಶದಲ್ಲೂ ಒಂದೇ ಇರಬೇಕು!) ಬಯಲಿಗೆ ಬಿಟ್ಟು ಮೇಯಿಸಲು ಜಾಗವಿಲ್ಲ, ಕಟ್ಟಿಯೇ ಸಾಕಬೇಕು. ನಾಟಿ ಹಸುವಿಗಿಂತ ಮಿಶ್ರತಳಿ ಹೆಚ್ಚು ಕರೆಯುತ್ತದೆ ನಿಜ, ತಿನ್ನುವುದೂ ಕುಡಿಯುವುದೂ ಹಾಗೆಯೇ. ಗುಡ್ಡದ ಅಂಚಿನ ಬದುಗಳಲ್ಲಿ ನೇಪಿಯರ್ ಹುಲ್ಲು ಬೆಳೆದು, ಕೊಯ್ದು, ಹೊರೆ ಹೊತ್ತು ತರಬೇಕು. ನೀರನ್ನೂ ಹಾಗೆಯೇ. ಹೊರುವವರು ಬಹುಪಾಲು ಹೆಂಗಸರು, ಮಕ್ಕಳು. ಬೇಸಿಗೆಯಲ್ಲಿ ಹುಲ್ಲು ಒಣಗಿತೆಂದರೆ ಹಾಲೂ ಇಳಿಯಿತು.

ಹಾಲು ಶೇಖರಣಾ ಕೇಂದ್ರಗಳು, ಶೀತಲ ಟ್ಯಾಂಕುಗಳು ಅಲ್ಲೂ ಬಂದಿವೆ. ಆದರೆ ಅನೇಕ ಕಡೆ ಹಾಲು ಕೊಳ್ಳುವುದು ಬೆಳಿಗ್ಗೆ ಮಾತ್ರ. ಸಂಜೆ ಕರೆದದ್ದನ್ನು ಮನೆಗೆ ಬಳಸಬೇಕು, ನೆರೆಯವರಿಗೆ ಮಾರಬೇಕು, ಇಲ್ಲವೇ ಹೆಪ್ಪಾಗಿಸಿ 'ಇಕಿವುಗುಟೊ' ಮಾಡಬೇಕು. ಅದು ನಮ್ಮ ಮೊಸರಿನಂಥದ್ದು, ಅಲ್ಲಿನವರಿಗೆ ಬಲು ಇಷ್ಟ. ಎರಡೂ ಹೊತ್ತು ಸಂಘದ ಬಾಗಿಲು ತೆರೆದಿರುವುದರ ಬೆಲೆ ಇಂಥ ಕಡೆ ತಿಳಿಯುತ್ತದೆ.

ಹಣ ಯಾರ ಕೈಗೆ? 1999ರ ಕಾನೂನು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಆಸ್ತಿ ಹಕ್ಕು ಕೊಟ್ಟಿತು. ಅದಕ್ಕೂ ಮೊದಲು ಜಮೀನು ಗಂಡುಮಕ್ಕಳದೇ. ಈಗ ಜಮೀನಿನ ಪತ್ರದಲ್ಲಿ ಗಂಡನ ಜೊತೆ ಹೆಂಡತಿಯ ಹೆಸರೂ ಇರುತ್ತದೆ. ಸಂಸತ್ತಿನ ಕೆಳಮನೆಯಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಮಹಿಳೆಯರು, ಜಗತ್ತಿನಲ್ಲೇ ಅತಿ ಹೆಚ್ಚು. ಆದರೂ ಹಾಲು ಮನೆಯ ಗಡಿಗೆಯಲ್ಲಿ ಇರುವವರೆಗೆ ಹೆಂಡತಿಯದು, ಕ್ಯಾನಿಗೆ ಬಿದ್ದು ಖಾತೆಗೆ ಹಣ ಬರತೊಡಗಿದರೆ ಗಂಡನದು ಎಂಬ ಸ್ಥಿತಿ ಹಲವು ಮನೆಗಳಲ್ಲಿ ಇನ್ನೂ ಇದೆ. ಸಂಸತ್ತಿನಲ್ಲಿ ಬದಲಾದದ್ದು ಕೊಟ್ಟಿಗೆಗೆ ಬರಲು ಹೊತ್ತು ಹಿಡಿಯುತ್ತದೆ.