ಗುಳೆ ಹೋದ ಕೂಲಿ, ಬಾರದ ಬಂಡವಾಳ

ಒಂದೇ ನಾಣ್ಯವೂ ಒಂದೇ ಕಾನೂನೂ ನಡೆಯುವ ದೇಶದೊಳಗೆ ಬಡ ಸೀಮೆಯೂ ಸಿರಿವಂತ ಸೀಮೆಯೂ ಬಹುಕಾಲ ದೂರದೂರವಾಗಿಯೇ ಉಳಿಯಲಾರವೆಂಬುದು ಅರ್ಥಶಾಸ್ತ್ರಜ್ಞರ ಹಳೆಯ ನಿರೀಕ್ಷೆ. ಕೂಲಿ ಅಗ್ಗವಾಗಿರುವೆಡೆಗೆ ಬಂಡವಾಳವು ಲಾಭವನ್ನರಸಿ ಹೋಗುವುದು, ಕೂಲಿ ಹೆಚ್ಚಿರುವೆಡೆಗೆ ದುಡಿಯುವವನು ಅನ್ನವನ್ನರಸಿ ಬರುವನು, ಈ ಎರಡು ಚಲನೆಗಳಿಂದ ಆದಾಯಗಳು ಕ್ರಮೇಣ ಸಮೀಪಿಸುವುವು ಎಂಬುದು ಅವರ ತರ್ಕ. ಅಮೆರಿಕದ ಸಂಸ್ಥಾನಗಳ ಸುಮಾರು ನೂರು ವರ್ಷಗಳ ಲೆಕ್ಕವನ್ನು ಪರಿಶೀಲಿಸಿದ ರಾಬರ್ಟ್ ಬಾರೊ ಮತ್ತು ಕ್ಸೇವಿಯರ್ ಸಾಲಾ-ಇ-ಮಾರ್ಟಿನ್ ಎಂಬ ವಿದ್ವಾಂಸರು, ಇಂಥ ಅಂತರವು ವರ್ಷಕ್ಕೆ ಶೇಕಡ 2ರಷ್ಟು ಕರಗುವುದೆಂದು ಕಂಡುಕೊಂಡರು. ಎಂದರೆ ಅರ್ಧ ಅಂತರ ಅಳಿಯುವುದಕ್ಕೇ 35 ವರ್ಷ ಬೇಕು. ಒಂದು ತಲೆಮಾರಿನ ಆಯುಷ್ಯದ ದುಡಿಮೆಯೆಲ್ಲ ಅಷ್ಟರಲ್ಲಿ ಮುಗಿದಿರುತ್ತದೆ.

ಹೈದರಾಬಾದ್ ಸಂಸ್ಥಾನದಲ್ಲಿದ್ದ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದ್ದು 1956ರ ನವೆಂಬರ್ 1ರಂದು. ಅಂದಿನಿಂದ ಆ 35 ವರ್ಷಗಳ ಅವಧಿ ಹೆಚ್ಚುಕಡಮೆ ಎರಡು ಸಲ ಕಳೆದಿದ್ದರೂ, ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯವು ಕಲಬುರಗಿ ಜಿಲ್ಲೆಯದರ ಸುಮಾರು ಐದು ಪಟ್ಟು ಇದೆ. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ತೂಗಿ, 114 ಹಿಂದುಳಿದಿವೆಯೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದೂ ನಿರ್ಣಯಿಸಿತು. ಆ 39ರ ಪೈಕಿ 21 ಕಲಬುರಗಿ ವಿಭಾಗಕ್ಕೆ ಸೇರಿದವು. ಕಟ್ಟಕಡೆಯ ಸ್ಥಾನ ರಾಯಚೂರು ಜಿಲ್ಲೆಯ ದೇವದುರ್ಗದ್ದು.

ನಿರೀಕ್ಷೆಯು ಪೂರ್ತಿ ಹುಸಿಯಾಯಿತೇ ಎಂದರೆ ಹಾಗೂ ಹೇಳಲಾಗದು. ಅದರ ಒಂದು ಪಾದ ಬಹಳ ಚುರುಕಾಗಿಯೇ ನಡೆಯುತ್ತಿದೆ. ತೊಗರಿಯ ರಾಶಿ ಮುಗಿದು ಹೊಲದಲ್ಲಿ ಕೆಲಸವಿಲ್ಲದಾದ ಮೇಲೆ, ದೇವದುರ್ಗ, ಸುರಪುರ, ಶಹಾಪುರಗಳ ಕಡೆಯ ಕುಟುಂಬಗಳು ಮೇಸ್ತ್ರಿಯಿಂದ ಮುಂಗಡ ಪಡೆದು, ಮನೆಯನ್ನೂ ಎತ್ತುಗಳನ್ನೂ ಮುದುಕರ ವಶಕ್ಕೆ ಬಿಟ್ಟು, ಪಾತ್ರೆಪಡಗ ಹಾಸಿಗೆಗಳ ಗಂಟಿನೊಡನೆ ಗುಳೆ ಹೊರಡುತ್ತವೆ. ಬೆಂಗಳೂರಿನಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಲೆ ಹೂಡಿ, ಗಂಡ ಕಂಬಿ ಕಟ್ಟಿದರೆ ಹೆಂಡತಿ ಜಲ್ಲಿ ಹೊರುವಳು. ಊರಿನಲ್ಲಿ ಐದನೆಯ ಇಯತ್ತೆಯಲ್ಲಿದ್ದ ಮಗಳು ಇಲ್ಲಿ ತಮ್ಮನನ್ನು ಆಡಿಸುತ್ತ ಕೂರುವಳು. ಇವರು ಎಬ್ಬಿಸಿದ ಕಟ್ಟಡದ ಮೌಲ್ಯವು ಬೆಂಗಳೂರಿನ ಉತ್ಪನ್ನವೆಂದೇ ಲೆಕ್ಕಕ್ಕೆ ಸೇರುತ್ತದೆ. ಇವರು ಊರಿಗೆ ಒಯ್ದ ಹಣವು ಸಾಲವನ್ನು ತೀರಿಸಿ ಸೂರನ್ನು ಗಟ್ಟಿಮಾಡಬಹುದು. ಆದರೆ ಜಿಲ್ಲೆಯ ಉತ್ಪನ್ನದಲ್ಲಿ ಅದು ಕಾಣಿಸುವುದಿಲ್ಲ. ಆದ್ದರಿಂದ ಆದಾಯದ ಅಂಕಿಯೊಂದರಿಂದಲೇ ಬದುಕನ್ನು ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ವಿದ್ಯುದ್ದೀಪ, ಪಡಿತರದ ಅಕ್ಕಿ, ಮೊಬೈಲು ಇವು ಆದಾಯಕ್ಕಿಂತ ಬಹು ಮುಂಚಿತವಾಗಿ ಹಳ್ಳಿಯನ್ನು ಮುಟ್ಟಿವೆ. ಅಕ್ಷರ ಮಾತ್ರ ಹಾಗೆ ಮುಟ್ಟಲಿಲ್ಲ: 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇಕಡ 88ನ್ನು ಮೀರಿದ್ದರೆ ಯಾದಗಿರಿಯದು 52ರ ಆಸುಪಾಸಿನಲ್ಲಿತ್ತು.

ಇನ್ನೊಂದು ಪಾದವಾದ ಬಂಡವಾಳ ಅತ್ತ ಹೆಜ್ಜೆಯಿಟ್ಟದ್ದು ವಿರಳ. ಅಗ್ಗದ ಕೂಲಿಯಷ್ಟೇ ಅದಕ್ಕೆ ಸಾಲದು. ಕಲಿತ ಕೈಗಳೂ, ಬಿಡಿಭಾಗ ಒದಗಿಸುವ ನೆರೆಯ ಕಾರ್ಖಾನೆಗಳೂ, ಕೊಳ್ಳುವವರೂ ಒಂದೆಡೆ ದೊರೆಯಬೇಕು, ಅವು ಈಗಾಗಲೇ ಇರುವಲ್ಲಿಗೇ ಅದು ಮತ್ತೆ ಮತ್ತೆ ಹೋಗುತ್ತದೆ. ಸರಕಾರವೇ ಹಣ ಹೂಡಿದ ಶಕ್ತಿನಗರದ ಶಾಖೋತ್ಪನ್ನ ಸ್ಥಾವರವು 1985ರಿಂದ ರಾಯಚೂರಿನಲ್ಲಿ ವಿದ್ಯುತ್ತನ್ನು ಉತ್ಪಾದಿಸುತ್ತಿದೆ. ಆ ವಿದ್ಯುತ್ತಿನಿಂದ ಓಡುವ ಯಂತ್ರಗಳು ಹೆಚ್ಚಾಗಿ ಬೇರೆಡೆ ಇವೆ.

ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371 (ಜೆ) ವಿಧಿಯು ಈ ಪ್ರದೇಶದವರಿಗೆ ಸರಕಾರಿ ಹುದ್ದೆಗಳಲ್ಲಿಯೂ ವೃತ್ತಿಶಿಕ್ಷಣದ ಸೀಟುಗಳಲ್ಲಿಯೂ ಮೀಸಲಾತಿ ಕಲ್ಪಿಸಿದೆ. ಡಾಕ್ಟರೂ ಇಂಜಿನಿಯರೂ ಆದ ಮಕ್ಕಳ ಮನೆಗಳಿಗೆ ಅದು ಸಣ್ಣ ಉಪಕಾರವಲ್ಲ. ಆದರೆ ಐದನೆಯ ಇಯತ್ತೆಯಲ್ಲಿಯೇ ಶಾಲೆ ಬಿಟ್ಟವಳಿಗೆ ಆ ಸೀಟು ಎಟಕುವುದಿಲ್ಲ. ತಂದೆತಾಯಿಗಳು ಗುಳೆ ಹೋದ ತಿಂಗಳುಗಳಲ್ಲಿ ಮಕ್ಕಳನ್ನು ಊರಿನಲ್ಲಿಯೇ ಉಳಿಸಿಕೊಂಡು ಓದಿಸುವ ವಸತಿಶಾಲೆಗಳಿಗೆ, ನನ್ನ ಎಣಿಕೆಯಲ್ಲಿ, ಹಣ ಮೊದಲು ಸಲ್ಲಬೇಕಾಗಿತ್ತು.